ಓದುಗರ ಪ್ರಶ್ನೆ: ಈಟಿಗಿಂತ ಮೊದಲು ಉಸಿರು

ಪ್ರಶ್ನೆ: ನನಗೆ 16 ವರ್ಷ. ಈಜು ಬರುತ್ತದೆ, ಗಾಳ ಹಾಕಿ ಅಭ್ಯಾಸವಿದೆ. ದಡದಿಂದ ಇಳಿದು, ಮುಳುಗಿ, ಈಟಿಯಿಂದ ಮೀನು ಹಿಡಿಯುವ ವಿಡಿಯೊಗಳನ್ನು ನೋಡಿ ಆಸೆಯಾಗಿದೆ. ಈಟಿ ಹಾರಿಸುವ ಬಂದೂಕು, ಅಂದರೆ ಸ್ಪಿಯರ್‌ಗನ್ನಿಗಾಗಿ ಹಣ ಕೂಡಿಡುತ್ತಿದ್ದೇನೆ. ಎಲ್ಲಿಂದ ಶುರು ಮಾಡಲಿ?
(ಪಿಯುಸಿ ವಿದ್ಯಾರ್ಥಿ, ಮಲ್ಪೆ)

ಉತ್ತರ: ಆ ಹಣ ಸದ್ಯ ಹಾಗೇ ಇರಲಿ. ಮೊದಲ ವರ್ಷ ಮಾಸ್ಕ್ (ಕಣ್ಣು, ಮೂಗು ಮುಚ್ಚುವ ಗಾಜು), ಸ್ನಾರ್ಕೆಲ್ (ಉಸಿರಾಟದ ಕೊಳವೆ), ಫಿನ್ಸ್ (ಕಾಲಿನ ರೆಕ್ಕೆ) ಸಾಕು. ಈಟಿ ಬೇಡವೇ ಬೇಡ. ನಮ್ಮ ಕರಾವಳಿಯ ನೀರೇ ಇದಕ್ಕೆ ಕಾರಣ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲಿಗೆ ಇಳಿಯುವ ಮಾತೇ ಇಲ್ಲ. ಮಳೆ ನಿಂತ ಮೇಲೂ ಹೊಳೆಗಳು ತಂದ ಕೆಸರು ತಳ ಸೇರಲು ವಾರಗಟ್ಟಲೆ ಬೇಕು. ದಡದ ಹತ್ತಿರ ನೀರು ತಿಳಿಯಾಗಿ ಕಾಣುವುದು ಹೆಚ್ಚಾಗಿ ಡಿಸೆಂಬರ್‌ನಿಂದ ಫೆಬ್ರವರಿವರೆಗೆ, ಅದೂ ಬೆಳಗಿನ ಹೊತ್ತು. ಮಧ್ಯಾಹ್ನದ ಹೊತ್ತಿಗೆ ಕಡಲ ಗಾಳಿ ಎದ್ದರೆ ಅಲೆ ಏರಿ ಮರಳು ಕದಡುತ್ತದೆ. ಈ ಮೂರು ತಿಂಗಳನ್ನು ಗುರಿ ಇಡುವುದರಲ್ಲಿ ಕಳೆದರೆ, ನೀರಿನೊಳಗೆ ಶಾಂತವಾಗಿರುವುದನ್ನು ಕಲಿಯಲು ಸಮಯವೇ ಉಳಿಯುವುದಿಲ್ಲ.

ಮಾಸ್ಕ್ ಕೊಳ್ಳುವಾಗ ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಮೆಲ್ಲಗೆ ಉಸಿರು ಎಳೆದುಕೊಳ್ಳಿ. ಕೈ ಬಿಟ್ಟರೂ ಅಂಟಿಕೊಂಡಿದ್ದರೆ ಅದು ನಿಮ್ಮ ಮುಖದ್ದು. ಮೂಗು ಮಾಸ್ಕ್‌ನ ಒಳಗಿರಬೇಕು, ಹೊರಗಿನಿಂದ ಅದನ್ನು ಬೆರಳಿನಲ್ಲಿ ಹಿಡಿಯಲು ಬರಬೇಕು. ಈಜುಕೊಳದ ಕನ್ನಡಕ ಹಾಕಿ ಮುಳುಗಬೇಡಿ. ಆಳಕ್ಕೆ ಹೋದಂತೆ ಅದು ಕಣ್ಣಿಗೆ ಒತ್ತಿ ರಕ್ತ ಕಟ್ಟಿಸುತ್ತದೆ, ಮೂಗಿನಿಂದ ಗಾಳಿ ಬಿಟ್ಟು ಆ ಒತ್ತಡ ಸರಿಮಾಡಲು ದಾರಿಯೇ ಇಲ್ಲ. ಹೊಸ ಮಾಸ್ಕ್‌ನ ಗಾಜು ಮಂಜು ಕಟ್ಟುವುದು ಕಾರ್ಖಾನೆಯಿಂದ ಬಂದ ತೆಳು ಪದರದಿಂದ. ಒಳಗಡೆ ಬಿಳಿ ಟೂತ್‌ಪೇಸ್ಟ್ ಹಚ್ಚಿ ಉಜ್ಜಿ, ತೊಳೆದು, ಎರಡು ಮೂರು ಸಲ ಹಾಗೆಯೇ ಮಾಡಿ. ಆಮೇಲೆ ಪ್ರತಿ ಸಲ ಇಳಿಯುವ ಮೊದಲು ಗಾಜಿಗೆ ಉಗುಳು ಸವರಿ ಒಮ್ಮೆ ಅದ್ದಿದರೆ ಆಯಿತು.

ನಿಲ್ಲದೆ 400 ಮೀಟರ್ ಈಜುವುದು, ಕಾಲು ತಳಕ್ಕೆ ತಾಗದ ನೀರಿನಲ್ಲಿ 10 ನಿಮಿಷ ತೇಲಿರುವುದು, ಮಾಸ್ಕ್‌ಗೆ ನುಗ್ಗಿದ ನೀರನ್ನು ಗಾಬರಿಯಾಗದೆ ಮೂಗಿನ ಉಸಿರಿನಿಂದ ಹೊರಹಾಕುವುದು: ಇಷ್ಟು ಬಂದ ಮೇಲೆ ಈಟಿಯ ಯೋಚನೆ ಮಾಡಬಹುದು.

ಪ್ರಶ್ನೆ: ಮುಳುಗುವ ಮೊದಲು ಹತ್ತಿಪ್ಪತ್ತು ಸಲ ಜೋರಾಗಿ ಉಸಿರಾಡಿದರೆ ಹೆಚ್ಚು ಹೊತ್ತು ಇರಬಹುದು ಎಂದು ಗೆಳೆಯ ಹೇಳುತ್ತಾನೆ. ನನಗೂ ಹಾಗೆಯೇ ಅನುಭವವಾಗಿದೆ. ಮುಂದುವರಿಸಬಹುದೇ? ಎರಡು ಆಳು ನೀರಿಗೆ ಹೋದರೆ ಕಿವಿಯೂ ನೋಯುತ್ತದೆ.
(ಓದುಗ, ಸುರತ್ಕಲ್)

ಉತ್ತರ: ದಯವಿಟ್ಟು ಇಂದೇ ನಿಲ್ಲಿಸಿ. ಈ ಆಟದಲ್ಲಿ ಪ್ರಾಣ ಹೋಗುವುದು ಹೆಚ್ಚಾಗಿ ಇಲ್ಲಿಯೇ. ಮುಳುಗಿದಾಗ ‘ಇನ್ನು ಉಸಿರು ಬೇಕು’ ಎಂದು ಎದೆ ಒದ್ದಾಡುವುದು ಆಮ್ಲಜನಕ ಕಡಿಮೆಯಾದದ್ದಕ್ಕಲ್ಲ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದ್ದಕ್ಕೆ. ಜೋರಾಗಿ ಉಸಿರಾಡಿದಾಗ ಆಮ್ಲಜನಕ ಹೆಚ್ಚುವುದಿಲ್ಲ ಎಂದೇ ಹೇಳಬಹುದು, ಇಂಗಾಲದ ಡೈಆಕ್ಸೈಡ್ ಮಾತ್ರ ಖಾಲಿಯಾಗುತ್ತದೆ. ಅಂದರೆ ಎಚ್ಚರಿಕೆಯ ಗಂಟೆಯನ್ನೇ ಬಿಚ್ಚಿಟ್ಟು ಕೆಳಗೆ ಹೋದಂತೆ. ಆಳದಲ್ಲಿ ನೀರಿನ ಒತ್ತಡ ಶ್ವಾಸಕೋಶದ ಗಾಳಿಯನ್ನು ಹಿಂಡುವುದರಿಂದ ಆಮ್ಲಜನಕ ರಕ್ತಕ್ಕೆ ಸುಲಭವಾಗಿ ಸೇರಿ, ಅಲ್ಲಿ ಎಲ್ಲ ಚೆನ್ನಾಗಿದೆ ಎನಿಸುತ್ತದೆ. 10 ಮೀಟರ್‌ನಲ್ಲಿ ಒತ್ತಡ ಮೇಲಿನದರ ಎರಡರಷ್ಟು. ಮೇಲೇರುವಾಗ ಅದು ಸಡಿಲವಾಗಿ, ಉಳಿದ ಆಮ್ಲಜನಕವೂ ದೇಹಕ್ಕೆ ದಕ್ಕದೆ, ಕೊನೆಯ ಒಂದೆರಡು ಮೀಟರ್‌ನಲ್ಲಿ ಅಥವಾ ತಲೆ ನೀರಿನ ಮೇಲೆ ಬಂದ ಮೇಲೆ ಪ್ರಜ್ಞೆ ತಪ್ಪುತ್ತದೆ. ಮುನ್ಸೂಚನೆ ಇರುವುದಿಲ್ಲ.

ಆದ್ದರಿಂದ ಮೇಲೆ ತೇಲುತ್ತಾ ಎರಡು ನಿಮಿಷ ಸಾಮಾನ್ಯವಾಗಿ ಉಸಿರಾಡಿ, ಕೊನೆಗೆ ಒಂದೇ ಒಂದು ದೀರ್ಘ ಉಸಿರು ತುಂಬಿಕೊಂಡು ಇಳಿಯಿರಿ. ಸ್ನಾರ್ಕೆಲ್ ಬಾಯಿಂದ ತೆಗೆದು ಇಳಿಯಬೇಕು. 30 ಸೆಕೆಂಡ್ ಕೆಳಗಿದ್ದರೆ ಕನಿಷ್ಠ ಒಂದು ನಿಮಿಷ ಮೇಲೆ ವಿಶ್ರಾಂತಿ, ಹೆಚ್ಚಿದ್ದರೆ ಇನ್ನೂ ಒಳ್ಳೆಯದು. ಜೊತೆಗಾರ ಮೇಲೆಯೇ ಇದ್ದು ನೋಡುತ್ತಿರಬೇಕು, ನೀವು ಮೇಲೆ ಬಂದ ಮೇಲೂ 30 ಸೆಕೆಂಡ್ ಕಣ್ಣು ಕೀಳಬಾರದು. ಇಬ್ಬರಿಗೆ ಒಂದೇ ಈಟಿ ಇರಲಿ ಎಂದು ನಾವು ಹೇಳುವುದು ಇದಕ್ಕೇ. ಕೈಯಲ್ಲಿ ಈಟಿ ಇಲ್ಲದವನು ಮೀನನ್ನಲ್ಲ, ಗೆಳೆಯನನ್ನು ನೋಡುತ್ತಾನೆ. ಪ್ರಜ್ಞೆ ತಪ್ಪಿದರೆ ಮುಖವನ್ನು ನೀರಿನ ಮೇಲೆ ಹಿಡಿದು, ಮಾಸ್ಕ್ ಕಳಚಿ, ಕೆನ್ನೆ ತಟ್ಟಿ, ಮುಖಕ್ಕೆ ಊದಿ, ‘ಉಸಿರು ತೆಗೆ’ ಎಂದು ಕೂಗಿ ಹೇಳಬೇಕು. ಉಸಿರು ಬಾರದಿದ್ದರೆ ತಡಮಾಡದೆ ಬಾಯಿಗೆ ಬಾಯಿ ಇಟ್ಟು ಉಸಿರು ಕೊಟ್ಟು ದಡಕ್ಕೆ ಎಳೆಯಬೇಕು. ಇದನ್ನು ಇಬ್ಬರೂ ಮೊದಲೇ ಸೊಂಟದೆತ್ತರದ ನೀರಿನಲ್ಲಿ ಅಭ್ಯಾಸ ಮಾಡಿರಬೇಕು.

ಕಿವಿಯ ವಿಷಯ: ಮೂಗು ಹಿಡಿದು ಮೆಲ್ಲಗೆ ಊದಿ, ಕಿವಿಯಲ್ಲಿ ‘ಟಪ್’ ಎಂದಾಗ ಮುಂದೆ ಹೋಗಿ. ನೋವು ಬಂದ ಮೇಲಲ್ಲ, ಮೊದಲ ಮೀಟರ್‌ನಿಂದಲೇ, ಪ್ರತಿ ಮೀಟರ್‌ಗೊಮ್ಮೆ. ಕಿವಿ ಹಾಗೆ ಬಿಡದಿದ್ದರೆ ಒಂದು ಮೀಟರ್ ಮೇಲೆ ಬಂದು ನೋಡಿ, ಆಗಲೂ ಬಿಡದಿದ್ದರೆ ಆ ದಿನ ಮುಳುಗಬೇಡಿ. ನೆಗಡಿ ಇದ್ದಾಗ ಕಿವಿ ಬಿಡುವುದೇ ಇಲ್ಲ.

ಪ್ರಶ್ನೆ: ರಬ್ಬರ್ ಇರುವ ಕೈ ಈಟಿ ತಂದಿದ್ದೇನೆ. ಮೀನು ಎದುರಿಗೇ ಇದ್ದರೂ ಪ್ರತಿ ಸಲ ತಪ್ಪುತ್ತದೆ.
(ಓದುಗ, ಕಾಪು)

ಉತ್ತರ: ಎದುರಿಗೆ ಇದ್ದಂತೆ ಕಾಣುತ್ತದೆ, ಇರುವುದಿಲ್ಲ. ಮಾಸ್ಕ್‌ನ ಗಾಜಿನ ಆಚೆ ನೀರು, ಈಚೆ ಗಾಳಿ. ಬೆಳಕು ಬಾಗಿ, 1 ಮೀಟರ್ ದೂರದ ಮೀನು ಸುಮಾರು 75 ಸೆಂ.ಮೀ.ನಲ್ಲಿ ಇರುವಂತೆ, ಗಾತ್ರದಲ್ಲಿ ಮೂರನೇ ಒಂದು ಪಾಲು ದೊಡ್ಡದಾಗಿ ಕಾಣುತ್ತದೆ. 30 ಸೆಂ.ಮೀ. ಎಂದುಕೊಂಡ ಮುರು ಮೀನು ದಡಕ್ಕೆ ತಂದಾಗ 22 ಸೆಂ.ಮೀ. ಆಗಿರುವುದು ಇದರಿಂದಲೇ.

ಕೈ ಈಟಿ ಬಂದೂಕಿನಂತೆ ಹಾರುವುದಿಲ್ಲ. ಹಿಂದಿನ ರಬ್ಬರ್ ಕುಣಿಕೆಯನ್ನು ಹೆಬ್ಬೆರಳು ಮತ್ತು ತೋರುಬೆರಳಿನ ಸಂದಿಗೆ ಹಾಕಿ, ಅದೇ ಕೈಯನ್ನು ಕೋಲಿನ ಮೇಲೆ ಮುಂದಕ್ಕೆ ಸರಿಸಿ ಬಿಗಿ ಹಿಡಿಯಬೇಕು. ಮುಷ್ಟಿ ಸಡಿಲಿಸಿದಾಗ ಕೋಲು ಮುಂದೆ ಹೋಗುವುದು ಹೆಚ್ಚುಕಡಿಮೆ ರಬ್ಬರ್ ಎಳೆದಷ್ಟೇ. 5–6 ಅಡಿಯ ಕೋಲಿಗೆ, ಮೀನು ಮೊನೆಯಿಂದ ಎರಡು ಅಡಿಯೊಳಗೆ ಇದ್ದರೆ ಮಾತ್ರ ಬಿಡಿ. ಕಲಿಯುವವರಿಗೆ ಮೂರು ಮುಳ್ಳಿನ ತುದಿ ಒಳ್ಳೆಯದು. ಗುರಿ ಕಿವಿರಿನ ಹಿಂದೆ, ಬೆನ್ನುಮೂಳೆಯ ಕಡೆಗೆ ಸ್ವಲ್ಪ ಮೇಲೆ. ಹೊಟ್ಟೆಗೆ ತಗುಲಿದರೆ ಹರಿದುಕೊಂಡು ಹೋಗಿ ಎಲ್ಲೋ ಸಾಯುತ್ತದೆ, ಅದು ಯಾರಿಗೂ ದಕ್ಕದ ಮೀನು. ಮೀನಿನ ಹಿಂದೆ ಬಂಡೆ ಇದ್ದರೆ ಬಿಡಬೇಡಿ, ಮುಳ್ಳು ಬಾಗುತ್ತದೆ.

ಮೊದಲೇ ರಬ್ಬರ್ ಎಳೆದು ಹಿಡಿದುಕೊಂಡು ಈಜುವುದು ಇನ್ನೊಂದು ತಪ್ಪು. ಅಂಗೈ ಸೋತು ಕೋಲು ಜಾರುತ್ತದೆ. ಮೀನಿನ ಕಡೆಗೆ ನೇರವಾಗಿ ಹೋಗದೆ, ಬೇರೆ ಕಡೆ ಹೊರಟವರಂತೆ ಓರೆಯಾಗಿ ಹತ್ತಿರವಾಗಿ, ಕೊನೆಯ ಗಳಿಗೆಯಲ್ಲಿ ಎಳೆಯಿರಿ. ನೀರಿನ ಹೊರಗೆ ರಬ್ಬರ್ ಎಳೆಯಲೇಬಾರದು, ದಡದಲ್ಲಿ ನಡೆಯುವಾಗ ಮೊನೆಗೆ ಮುಚ್ಚಳ ಇರಬೇಕು. ಈಟಿಯ ಉದ್ದದ ಎರಡರಷ್ಟು ದೂರ ಸ್ಪಷ್ಟವಾಗಿ ಕಾಣದ ದಿನ ಅದನ್ನು ಮನೆಯಲ್ಲೇ ಬಿಡಿ. ಕಲಕು ನೀರಿನಲ್ಲಿ ಮೊನೆಯ ಎದುರು ಬರುವುದು ಜೊತೆಗಾರನ ಕಾಲೂ ಆಗಬಹುದು.

ಪ್ರಶ್ನೆ: ಮಗ ಹಟ ಹಿಡಿದಿದ್ದಾನೆ. ಬೇಡ ಎಂದರೆ ಕದ್ದು ಹೋಗುತ್ತಾನೆ ಎಂಬ ಹೆದರಿಕೆ. ಯಾವ ಷರತ್ತು ಹಾಕಲಿ?
(ಒಬ್ಬ ತಾಯಿ, ಉಳ್ಳಾಲ)

ಉತ್ತರ: ನಿಮ್ಮ ಹೆದರಿಕೆ ಸರಿಯಾದದ್ದೇ. ಒಬ್ಬನೇ ಹೋಗಬಾರದು, ಇದು ಮೊದಲ ಷರತ್ತು. ಎರಡನೆಯದು ಜಾಗ. ಅಳಿವೆಯ ಹತ್ತಿರ ಇಳಿಯಲೇಬಾರದು, ನೇತ್ರಾವತಿಯದಾಗಲಿ ಉದ್ಯಾವರ ಹೊಳೆಯದಾಗಲಿ. ಇಳಿತದ ಹೊತ್ತಿಗೆ ಹೊಳೆಯ ನೀರೆಲ್ಲ ಕಿರಿದಾದ ಬಾಯಿಯಿಂದ ಕಡಲಿಗೆ ನುಗ್ಗುತ್ತದೆ, ಎಂಥ ಈಜುಗಾರನೂ ಎದುರು ಈಜಲಾರ. ಸೋಮೇಶ್ವರ, ಕಾಪುಗಳ ಬಂಡೆಗಳು ನೋಡಲು ಚೆಂದ, ಆದರೆ ಅಲೆ ಅಪ್ಪಳಿಸುವ ಬಂಡೆಯಿಂದ ಇಳಿಯುವುದು ಸುಲಭ, ಹತ್ತುವುದು ಕಷ್ಟ. ದಡದಲ್ಲಿ ಹತ್ತು ನಿಮಿಷ ಕೂತು ಅಲೆ ನೋಡಿ, ಮೇಲೆ ಬರುವ ದಾರಿ ಗೊತ್ತುಮಾಡಿಕೊಂಡೇ ಇಳಿಯಬೇಕು. ಒಡೆಯುವ ಅಲೆಗಳ ನಡುವೆ ಶಾಂತವಾಗಿ ಕಾಣುವ ಪಟ್ಟಿ ಹೊರಗೆ ಎಳೆಯುವ ಸೆಳೆತವಾಗಿರಬಹುದು. ಸಿಕ್ಕಿಕೊಂಡರೆ ದಡಕ್ಕೆ ಸಮಾನಾಂತರವಾಗಿ ಈಜಿ ಅದರಿಂದ ಹೊರಬರಬೇಕು.

ಮೂರನೆಯದು ದೋಣಿ. ನೀರಿನಲ್ಲಿರುವ ತಲೆ ನಾಡದೋಣಿಯವರಿಗೆ ಕಾಣುವುದಿಲ್ಲ. ಕಿತ್ತಳೆ ಬಣ್ಣದ ತೇಲುಬುರುಡೆಗೆ ಬಾವುಟ ಕಟ್ಟಿ, 10–15 ಮೀಟರ್ ಹಗ್ಗದಲ್ಲಿ ಜೊತೆಗೇ ಎಳೆದುಕೊಂಡು ಹೋಗಬೇಕು. ಬಲೆ ಬಿಟ್ಟ ಕಡೆ ಸುಳಿಯಲೂ ಬಾರದು. ತೆಳು ನೈಲಾನ್ ಬಲೆ ನೀರಿನಲ್ಲಿ ಕಾಣುವುದಿಲ್ಲ, ಅದಕ್ಕೇ ಕಾಲಿಗೆ ಕಟ್ಟಿದ ಸಣ್ಣ ಚಾಕು ಇರಲಿ. ಸುಲಭವಾಗಿ ಮುಳುಗಲು ಸೊಂಟಕ್ಕೆ ಕಟ್ಟುವ ತೂಕದ ಬೆಲ್ಟ್ ಮೊದಲೆರಡು ವರ್ಷ ಬೇಡ. ಈಟಿ ಕೊಳ್ಳುವ ಮೊದಲು ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲೂ ಆ ದಡದ ಮೊಗವೀರ ಹಿರಿಯರಲ್ಲೂ ಕೇಳಿ ಬರುವಂತೆ ಅವನನ್ನೇ ಕಳಿಸಿ. ಯಾವ ಬಂಡೆಯ ಹತ್ತಿರ ಯಾವಾಗ ಸೆಳೆತ ಎಂಬುದು ಅವರಿಗೆ ಗೊತ್ತಿರುವಷ್ಟು ನಮಗೂ ಗೊತ್ತಿಲ್ಲ.

ಪ್ರಶ್ನೆ: ಯಾವ ಮೀನಿಗೆ ಈಟಿ ಹಾಕಬಾರದು?
(ಓದುಗ, ಪಡುಬಿದ್ರಿ)

ಉತ್ತರ: ಗುರುತು ಸಿಗದ ಯಾವುದಕ್ಕೂ. ಗಾಳಕ್ಕೆ ಸಿಕ್ಕ ಮರಿಯನ್ನು ಬಿಡಬಹುದು, ಈಟಿಗೆ ಸಿಕ್ಕಿದ್ದನ್ನು ಬಿಡಲಾಗದು. ಆಮೆ, ಕಡಲಕುದುರೆ, ಕಡಲಸೌತೆ, ದೈತ್ಯ ಮುರು ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಊದಿಕೊಳ್ಳುವ ಮೀನಿನ ವಿಷ ಬೇಯಿಸಿದರೂ ಹೋಗುವುದಿಲ್ಲ. ತೊರಕೆಯ ಬಾಲದ ಮುಳ್ಳು ಚುಚ್ಚಿದರೆ ಆ ಭಾಗವನ್ನು ತಡೆದುಕೊಳ್ಳುವಷ್ಟು ಬಿಸಿ ನೀರಿನಲ್ಲಿ, 45 ಡಿಗ್ರಿ ಮೀರದಂತೆ, 30ರಿಂದ 90 ನಿಮಿಷ ಇಡಿ. ಬಿಸಿ ಎಷ್ಟಿದೆ ಎಂದು ಚುಚ್ಚಿಸಿಕೊಳ್ಳದ ಕೈಯಿಂದ ನೋಡಿ, ನೋವಿನ ಕಾಲಿಗೆ ಸುಟ್ಟದ್ದು ತಿಳಿಯುವುದಿಲ್ಲ. ಮುಳ್ಳಿನ ತುಂಡು ಒಳಗೆ ಉಳಿದಿರಬಹುದು. ನೋವು ಇಳಿದರೂ ಆಸ್ಪತ್ರೆಗೆ ಹೋಗಿ, ಧನುರ್ವಾಯು ಚುಚ್ಚುಮದ್ದಿನ ವಿಷಯವನ್ನೂ ಅಲ್ಲೇ ಕೇಳಿ.