ಮಯೋಟೋನಿಕ್ ಡಿಸ್ಟ್ರೋಫಿ ಇದ್ದರೆ ಹೆರಿಗೆ ಕಷ್ಟವಾಗುತ್ತದೆಯೇ?

ನಿಮ್ಮ ತಂಗಿಗೆ ಮಯೋಟೋನಿಕ್ ಡಿಸ್ಟ್ರೋಫಿ ಟೈಪ್ 1 ಎಂಬ ಸ್ನಾಯುಗಳ ಕಾಯಿಲೆ ಇದೆ, ಈಗ ಮೂರು ತಿಂಗಳ ಗರ್ಭಿಣಿ ಎಂದಿದ್ದೀರಿ. ಹೆರಿಗೆ ಆಗುತ್ತದೆ, ಆದರೆ ಎಲ್ಲರಂತೆ ಅಂದುಕೊಂಡು ಸುಮ್ನೆ ಇರಬೇಡಿ. ಲೋಟ ಹಿಡಿದ ಕೈ ತಕ್ಷಣ ಬಿಚ್ಚಲು ಬಿಡದ ಈ ಕಾಯಿಲೆ ಗರ್ಭಕೋಶದ ಸ್ನಾಯುವನ್ನೂ ಕಾಡುತ್ತದೆ. ನೋವು ಬಲವಾಗಿ ಬರದೆ ಹೆರಿಗೆ ಎಳೆಯಬಹುದು, ಆಮೇಲೆ ರಕ್ತಸ್ರಾವ ಜಾಸ್ತಿಯಾಗಬಹುದು.

ಮಗುವಿಗೂ ಬರುವ ಸಾಧ್ಯತೆ ಶೇ. 50. ತಾಯಿಯಿಂದ ಬಂದಾಗ ಕೆಲವೊಮ್ಮೆ ಹುಟ್ಟುವಾಗಲೇ ತೀವ್ರವಾಗಿರುತ್ತದೆ. ಅಂಥ ಮಗು ಹೊಟ್ಟೆಯಲ್ಲಿ ನೀರು ನುಂಗುವುದು ಕಡಿಮೆ, ಹಾಗಾಗಿ ಗರ್ಭದ ನೀರು ಹೆಚ್ಚುತ್ತದೆ, ಒದೆತ ಕಡಿಮೆಯಾಗುತ್ತದೆ.

ಹೃದಯದ ಬಡಿತ ನೋಡುವ ಇಸಿಜಿ ಈಗಲೇ ಮಾಡಿಸಿ. ಅರಿವಳಿಕೆ ವೈದ್ಯರಿಗೆ ಮೊದಲೇ ತಿಳಿಸಿ, ದಯವಿಟ್ಟು ಇದನ್ನು ಮರೆಯಬೇಡಿ: ಅರಿವಳಿಕೆಯಲ್ಲಿ ಸ್ನಾಯು ಸಡಿಲಿಸಲು ಬಳಸುವ ಸಕ್ಸಿನೈಲ್‌ಕೋಲಿನ್ ಔಷಧ ಕೊಟ್ಟರೆ ದವಡೆ ಬಿಗಿದು ಉಸಿರಿನ ನಳಿಕೆ ಹಾಕುವುದೇ ಕಷ್ಟವಾಗಬಹುದು. ಹಸುಗೂಸುಗಳ ಐಸಿಯು ಇರುವ ಆಸ್ಪತ್ರೆಯನ್ನೇ ಆರಿಸಿ.