ಆರು ಬೀಳದಿದ್ದರೆ ಮೋಸ ಅಂತಲ್ಲ

ಕಂಪ್ಯೂಟರಿನಲ್ಲಿ ಲೂಡೊ ಆಡುವಾಗ ಅಮ್ಮನಿಗೆ ಶುರುವಿನಲ್ಲೇ ಹತ್ತು ಸಲ ಆರು ಬೀಳಲಿಲ್ಲ, ಇದು ಮೋಸವಾ ಅಂತ ಕೇಳಿದ್ದೀರಿ. ಅಷ್ಟಕ್ಕೇ ಮೋಸ ಅನ್ನಬೇಡಿ. ಸರಿಯಾದ ಮರದ ದಾಳದಲ್ಲೂ ಹೀಗಾಗುವ ಸಾಧ್ಯತೆ ಸುಮಾರು ಶೇ. 16. ನಾಲ್ಕು ಜನ ಆಡಿದರೆ, ಯಾರಾದರೂ ಒಬ್ಬರು ಹತ್ತು ಸರದಿ ಸುಮ್ನೆ ಕೂರುವುದು ಹೆಚ್ಚುಕಡಿಮೆ ಎರಡು ಆಟಕ್ಕೊಮ್ಮೆ!

ನಮ್ಮಮ್ಮನಿಗೂ ಇದೇ ಅನುಮಾನ ಇತ್ತು. ಚೌಕಾಬಾರದಲ್ಲಿ ಕವಡೆ ಅವರ ಕೈಯಲ್ಲೇ ಇರುತ್ತಿತ್ತು. ಎರಡು ಅಂಗೈ ಸೇರಿಸಿ ಕುಲುಕಿ, ಬೇಕಾದ ಗರ ಕೂಗಿ ಹಾಕೋರು. ಪರದೆ ಮೇಲೆ ಬೆರಳು ಒತ್ತಿದರೆ ಆ ನಂಬಿಕೆ ಬರಲ್ಲ, ಅದು ಸಹಜ ಅಲ್ವಾ?

ಒಂದು ಕೆಲಸ ಮಾಡಿ. ಹಳೇ ನೋಟ್‌ಬುಕ್ಕಿನಲ್ಲಿ ಪ್ರತಿ ಗರಕ್ಕೂ ಒಂದು ಗೀಟು ಹಾಕಿ. ಅಮ್ಮನದಷ್ಟೇ ಅಲ್ಲ, ಎಲ್ಲರದ್ದೂ. 300 ಗರಕ್ಕೆ ಸರಾಸರಿ 50 ಆರು ಬೀಳಬೇಕು. 37ರಿಂದ 63ರೊಳಗಿದ್ದರೆ ಚಿಂತೆ ಬೇಡ. 25ಕ್ಕೋ 80ಕ್ಕೋ ಹೋದರೆ ಆ ಆಟ ಬಿಟ್ಟು ಬೇರೆಯದು ಹಾಕಿಕೊಳ್ಳಿ.

ಗೀಟು ಹಾಕುವ ಕೆಲಸ ಅಮ್ಮನಿಗೇ ಕೊಡಿ. ನಮ್ಮನೆಯಲ್ಲಿ ಹಾಗೆ ಮಾಡಿದ ಮೇಲೇ ಜಗಳ ನಿಂತಿದ್ದು.