ಲೋಕಲ್ ಟ್ರೈನಿನಲ್ಲಿ ಆದಿತಾಳ

ಪ್ರಶ್ನೆ: ಮನೆ ಡೊಂಬಿವಲಿಯಲ್ಲಿ, ಕೆಲಸ ಮುಂಬೈಯ ಫೋರ್ಟ್‌ನಲ್ಲಿ. ದಿನಾ ಎರಡು ಗಂಟೆಗೂ ಜಾಸ್ತಿ ಲೋಕಲ್‌ನಲ್ಲೇ ಹೋಗುತ್ತದೆ. ಗೆಳೆಯ ಹೇಳಿದ ಅಂತ ಫೋನಿಗೆ ಸನ್‌ವಾಕ್ಸ್ ಅನ್ನುವ ಸಂಗೀತ ಕಟ್ಟುವ ಆಪ್ ಹಾಕಿಕೊಂಡೆ. ತೆರೆದರೆ ಬರೀ ಚೌಕ, ತಂತಿ, ಅಂಕಿಗಳ ಸಾಲು. ಚಿಕ್ಕಂದಿನಲ್ಲಿ ಸ್ವಲ್ಪ ಕರ್ನಾಟಕ ಸಂಗೀತ ಕಲಿತಿದ್ದೇನೆ, ಕೀಬೋರ್ಡ್ ನುಡಿಸಲು ಬರೋದಿಲ್ಲ. ನನ್ನಿಂದ ಆಗುತ್ತಾ?

ಉತ್ತರ: ಖಂಡಿತ ಆಗುತ್ತೆ. ಸರಳೆ ವರಸೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೀರಲ್ವಾ, ಟ್ರ್ಯಾಕರ್ (ಸನ್‌ವಾಕ್ಸ್‌ನಂತೆ ಸ್ವರಗಳನ್ನು ಸಾಲು ಸಾಲಾಗಿ ಬರೆಯುವ ಆಪ್) ಅಂದರೆ ಹೆಚ್ಚುಕಮ್ಮಿ ಅದೇ. ನೋಟ್‌ಬುಕ್ಕಿನಲ್ಲಿ ಸ್ವರ ಎಡದಿಂದ ಬಲಕ್ಕೆ ಹೋಗುತ್ತದೆ, ಇಲ್ಲಿ ಮೇಲಿಂದ ಕೆಳಕ್ಕೆ. ಅಲ್ಲಿ ಸ್ವರ ಎಳೆಯಲು ಕಾಮಾ ಹಾಕುತ್ತೇವೆ, ಇಲ್ಲಿ ಸಾಲನ್ನು ಸುಮ್ನೆ ಖಾಲಿ ಬಿಟ್ಟರೆ ಸಾಕು, ಮುಂದಿನ ಸ್ವರ ಬರುವ ತನಕ ಅಥವಾ ನೀವೇ ನಿಲ್ಲಿಸುವ ಗುರುತು ಹಾಕುವ ತನಕ ಅದು ಕೇಳುತ್ತಲೇ ಇರುತ್ತದೆ. ನುಡಿಸೋದಲ್ಲ, ಬರೆಯೋದು. ಠಾಣೆಯಲ್ಲಿ ಜನ ನುಗ್ಗಿ ಕೈ ಆಡಿಸಲು ಜಾಗ ಇಲ್ಲದಿದ್ದರೂ ಒಂದು ಹೆಬ್ಬೆರಳಲ್ಲಿ ಕೆಲಸ ಸಾಗುತ್ತದೆ.

ತಾಳದ ಲೆಕ್ಕ ನೋಡಿ, ನನಗೆ ಇದೇ ತುಂಬಾ ಇಷ್ಟ. ಶುರುವಿನಲ್ಲಿ ಬಿಪಿಎಂ (ನಿಮಿಷಕ್ಕೆ ಎಷ್ಟು ಪೆಟ್ಟು) 125, ಟಿಪಿಎಲ್ (ಒಂದು ಸಾಲಿಗೆ ಎಷ್ಟು ಟಿಕ್, ಅಂದರೆ ಕಾಲದ ಸಣ್ಣ ತುಣುಕು) 6 ಇರುತ್ತದೆ. ಅಂದರೆ ಒಂದು ಅಕ್ಷರಕ್ಕೆ (ತಾಳದ ಒಂದು ಎಣಿಕೆಗೆ) ನಾಲ್ಕು ಸಾಲು, ಒಂದೊಂದು ಸಾಲಿಗೆ 0.12 ಸೆಕೆಂಡ್. ಆದಿತಾಳದ ಎಂಟು ಅಕ್ಷರಕ್ಕೆ ಎಷ್ಟಾಯಿತು? 32 ಸಾಲು, ಚತುರಶ್ರ ನಡೆಯ (ಅಕ್ಷರಕ್ಕೆ ನಾಲ್ಕು ಭಾಗ) ಒಂದು ಆವರ್ತ, ಅಂದರೆ ತಾಳದ ಒಂದು ಸುತ್ತು. ತಿಶ್ರ ನಡೆ ಬೇಕಾದರೆ ಟಿಪಿಎಲ್ 8 ಮಾಡಿ, ಅಕ್ಷರಕ್ಕೆ ಮೂರೇ ಸಾಲು ಬರುತ್ತದೆ, ಆವರ್ತ 24ಕ್ಕೆ ಮುಗಿಯುತ್ತದೆ. ಖಂಡ ನಡೆಗೆ ಟಿಪಿಎಲ್ 6ರಲ್ಲೇ ಬಿಟ್ಟು ಅಕ್ಷರಕ್ಕೆ ಐದು ಸಾಲಿನಂತೆ 40 ಸಾಲು ಇಟ್ಟುಕೊಳ್ಳಿ. ಆಗ ಪರದೆಯ ಮೇಲೆ 125 ಅಂತಿದ್ದರೂ ನಿಮ್ಮ ತಾಳ ನಿಮಿಷಕ್ಕೆ 100ರಂತೆ ನಡೆಯುತ್ತದೆ.

ಮೊದಲ ವಾರ ಮೂರೇ ಚೌಕ ಸಾಕು: ಸದ್ದು ಹುಟ್ಟಿಸುವ ಅನಲಾಗ್ ಜನರೇಟರ್, ಅದರಿಂದ ಸದ್ದನ್ನು ಸೋಸುವ ಫಿಲ್ಟರ್‌ಗೆ ತಂತಿ, ಅಲ್ಲಿಂದ ಔಟ್‌ಪುಟ್‌ಗೆ. ಮಾಯಾಮಾಳವಗೌಳ ಬರೆಯಿರಿ. ಸಿ ಸ್ವರವನ್ನು ಷಡ್ಜ ಮಾಡಿಕೊಂಡರೆ ರಿಷಭ ಸಿ ಶಾರ್ಪ್, ಗಾಂಧಾರ ಇ, ಮಧ್ಯಮ ಎಫ್, ಪಂಚಮ ಜಿ, ಧೈವತ ಜಿ ಶಾರ್ಪ್, ನಿಷಾದ ಬಿ. ಶಾರ್ಪ್ ಇದ್ದಲ್ಲಿ ಸನ್‌ವಾಕ್ಸ್ ಅದೇ ಅಕ್ಷರವನ್ನು ಇಂಗ್ಲಿಷಿನ ಸಣ್ಣಕ್ಷರದಲ್ಲಿ ತೋರಿಸುತ್ತದೆ, ಗಾಬರಿಯಾಗಬೇಡಿ. ಸ್ವರ ಒಂದರಿಂದ ಇನ್ನೊಂದಕ್ಕೆ ಜಾರಬೇಕಾದರೆ ಎಫೆಕ್ಟ್ ಕಾಲಂನಲ್ಲಿ 03 ಹಾಕಿ, ಪಕ್ಕದ ಅಂಕಿಯಲ್ಲಿ ವೇಗ ಕೊಡಿ. ಗಮಕ ಪೂರ್ತಿ ಬಂತು ಅಂತ ಹೇಳಲಾರೆ, ಆದರೆ ಒಣ ಸ್ವರಕ್ಕೆ ಜೀವ ಬರುತ್ತದೆ. ಆ ಅಂಕಿಗಳು ಒಂಬತ್ತಾದ ಮೇಲೆ ಎ, ಬಿ ಅಂತ ಎಫ್ ತನಕ ಹೋಗಿ ಆಮೇಲೆ 10 ಆಗುತ್ತವೆ. ಹಾಗಾಗಿ 40 ಅಂತ ಕಂಡರೆ ಅದು ನಮ್ಮ 64.

ಪ್ರಶ್ನೆ: ಇದರಲ್ಲಿ ಯಕ್ಷಗಾನದ ಚೆಂಡೆ ಸದ್ದು ತರಬಹುದಾ? ಇದಕ್ಕೆ ದುಡ್ಡು ಎಷ್ಟು ಬೇಕು? (ಪುಣೆಯ ಓದುಗರು)

ಉತ್ತರ: ಚೆಂಡೆಯನ್ನು ಸಿಂಥ್‌ನಿಂದ (ಯಂತ್ರವೇ ಸದ್ದು ಹುಟ್ಟಿಸುವ ಚೌಕದಿಂದ) ಹುಟ್ಟಿಸಲು ಒದ್ದಾಡಬೇಡಿ. ಚೆಂಡೆ ಬಾರಿಸುವವರನ್ನು ಕೇಳಿಕೊಂಡು ಒಂದೊಂದೇ ಪೆಟ್ಟನ್ನು ಬೇರೆ ಬೇರೆಯಾಗಿ ಫೋನಿನಲ್ಲಿ ರೆಕಾರ್ಡ್ ಮಾಡಿ, ಮೆಲ್ಲನೆಯದ್ದು, ಜೋರಿನದ್ದು ಎರಡೂ. ಅದನ್ನು ಸ್ಯಾಂಪ್ಲರ್‌ಗೆ (ರೆಕಾರ್ಡ್ ಮಾಡಿದ ಸದ್ದನ್ನು ನುಡಿಸುವ ಚೌಕ) ಹಾಕಿ. ಒಂದೇ ಪೆಟ್ಟನ್ನು ಮೂವತ್ತು ಸಲ ಬಳಸಿದರೆ ಯಂತ್ರ ಬಡಿದಂತೆ ಕೇಳುತ್ತದೆ, ಅದಕ್ಕೇ ಎರಡು ಮೂರು ಬೇಕು, ಪ್ರತಿ ಸಾಲಿನ ವೆಲಾಸಿಟಿಯನ್ನೂ (ಪೆಟ್ಟಿನ ಜೋರು) ಸ್ವಲ್ಪ ಹೆಚ್ಚುಕಮ್ಮಿ ಮಾಡಿ.

ದುಡ್ಡಿನ ವಿಷಯ: ವಿಂಡೋಸ್, ಲಿನಕ್ಸ್, ಮ್ಯಾಕ್‌ಗೆ ಸನ್‌ವಾಕ್ಸ್ ಉಚಿತ, ಫೋನಿಗೆ ಕೊಂಡುಕೊಳ್ಳಬೇಕು. ಹಳೇ ಲ್ಯಾಪ್‌ಟಾಪ್ ಮನೆಯಲ್ಲಿದ್ದರೆ ಮೊದಲು ಅದರಲ್ಲೇ ನೋಡಿ. ಸದ್ದು ತುಂಡು ತುಂಡಾಗಿ ಬಂದರೆ ಜನರೇಟರ್‌ನಲ್ಲಿ ಪಾಲಿಫೊನಿ (ಒಟ್ಟಿಗೆ ಕೇಳುವ ಸ್ವರಗಳ ಸಂಖ್ಯೆ) ಕಡಿಮೆ ಮಾಡಿ, ರಿವರ್ಬ್ (ಸದ್ದಿಗೆ ಅನುರಣನ ಕೊಡುವ ಚೌಕ) ಒಂದೇ ಇಟ್ಟುಕೊಂಡು ಎಲ್ಲ ವಾದ್ಯದ ತಂತಿಯನ್ನೂ ಅದಕ್ಕೇ ಎಳೆಯಿರಿ.